ಕಾರ್ಡ್ ಕೂತಿತು, ಡಿಸ್ಪ್ಲೇ ಬರಲಿಲ್ಲ

ಹೋದ ತಿಂಗಳು ಇದೇ ಪುಟದಲ್ಲಿ "ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿ ನೋಡಿ" ಅಂತ ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದೆ. ತಪ್ಪಾಯ್ತು. ಆ ಒಂದು ಸಾಲಿಗೆ ಬಂದ ಪತ್ರಗಳನ್ನು ನೋಡಿದರೆ ಅರ್ಧ ಕರ್ನಾಟಕದ ಅಟ್ಟದ ಮೇಲೆ ಪೆಂಟಿಯಂ 4 ಇದ್ದ ಹಾಗಿದೆ. ಪ್ರಶ್ನೆ ಸುತ್ತಿ ಬಳಸಿ ಒಂದೇ: ಈ ಕಾರ್ಡ್ ನನ್ನ ಬೋರ್ಡಿಗೆ ಆಗುತ್ತದಾ? ಕಾರ್ಡ್ ಅಂದರೆ ಮಾನಿಟರಿಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್, ಬೋರ್ಡ್ ಅಂದರೆ ಎಲ್ಲವೂ ಕೂರುವ ಮದರ್‌ಬೋರ್ಡ್, ಸ್ಲಾಟ್ ಅಂದರೆ ಕಾರ್ಡ್ ಸಿಕ್ಕಿಸುವ ಸೀಳು, ಚಿಪ್‌ಸೆಟ್ ಅಂದರೆ ಬೋರ್ಡಿನ ಮುಖ್ಯ ಚಿಪ್ಪು. ಕೆಲವರು ಹೆಸರು ಬೇಡ ಅಂದಿದ್ದಾರೆ. ಹಾಗಾಗಿ ಎಲ್ಲರದೂ ಊರಷ್ಟೇ ಹಾಕಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಇಂಟೆಲ್ 865ಪಿಇ ಚಿಪ್‌ಸೆಟ್ಟಿನ ಪೆಂಟಿಯಂ 4 ಕಂಪ್ಯೂಟರ್ ಇದೆ. ಅಡಿಕೆ ವ್ಯಾಪಾರದ ಹಳೇ ಲೆಕ್ಕವೆಲ್ಲ ಅದರಲ್ಲೇ, ಆ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಈಗ ಎಜಿಪಿ ಕಾರ್ಡ್ ಸತ್ತಿದೆ. ರಿಪೇರಿ ಅಂಗಡಿಯವರು ಎರಡು ಹಳೇ ಕಾರ್ಡ್ ಕೊಟ್ಟಿದ್ದಾರೆ. ಒಂದರ ಕೆಳಗಡೆ ಒಂದು ಕಚ್ಚು ಇದೆ, ಇನ್ನೊಂದಕ್ಕೆ ಎರಡು. ಯಾವುದನ್ನು ಹಾಕಲಿ? (ಶಿರಸಿ)

ಉತ್ತರ: ಹಾಕುವ ಮುಂಚೆ ಕೇಳಿದಿರಲ್ಲ, ಅರ್ಧ ಗೆದ್ದ ಹಾಗೆ. ಎಜಿಪಿಯಲ್ಲಿ ಆ ಕಚ್ಚೇ ಎಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲು ಗ್ರಾಫಿಕ್ಸ್ ಕಾರ್ಡೂ ಪಿಸಿಐ ಸ್ಲಾಟಿಗೇ ಹೋಗುತ್ತಿತ್ತು, ಅದೇ ಬಿಳಿ ಬಣ್ಣದ್ದು. ಸೆಕೆಂಡಿಗೆ ಹೆಚ್ಚೆಂದರೆ 133 ಎಂಬಿ, ಅದನ್ನೂ ಸೌಂಡ್ ಕಾರ್ಡ್, ಮೋಡೆಮ್, ಲ್ಯಾನ್ ಕಾರ್ಡ್ ಎಲ್ಲ ಹಂಚಿಕೊಳ್ಳಬೇಕು. ಒಂದೇ ನಲ್ಲಿಗೆ ಇಡೀ ಬೀದಿ ಸಾಲು ನಿಂತ ಹಾಗೆ. 1997ರಲ್ಲಿ ಗ್ರಾಫಿಕ್ಸ್‌ಗೆ ಅಂತಲೇ ಬೇರೆ ನಲ್ಲಿ ಬಂತು, ಅದೇ ಎಜಿಪಿ. 1ಎಕ್ಸ್ ಅಂದರೆ 266 ಎಂಬಿ, 2ಎಕ್ಸ್ ಅಂದರೆ 533, 4ಎಕ್ಸ್ 1066, ಕೊನೆಗೆ 2002ರಲ್ಲಿ ಬಂದ 8ಎಕ್ಸ್ 2133. ಈ ವೇಗದ ಲೆಕ್ಕ ನಿಮಗೆ ಮುಖ್ಯವಲ್ಲ. ವೇಗ ಏರುತ್ತಾ ಹೋದ ಹಾಗೆ ವೋಲ್ಟೇಜ್ ಇಳಿಯುತ್ತಾ ಹೋಯಿತು, ಮುಖ್ಯವಾದದ್ದು ಅದು. 1ಎಕ್ಸ್, 2ಎಕ್ಸ್ ಕಾರ್ಡುಗಳ ಸಿಗ್ನಲ್ 3.3 ವೋಲ್ಟ್. 4ಎಕ್ಸ್ ಬಂದಾಗ 1.5 ವೋಲ್ಟ್. 8ಎಕ್ಸ್‌ನಲ್ಲಿ 0.8. ಹಳೇ 3.3 ವೋಲ್ಟ್ ಕಾರ್ಡನ್ನು 1.5 ವೋಲ್ಟ್ ಬೋರ್ಡಿಗೆ ತುರುಕಿದರೆ ಕಾರ್ಡಿಗೆ ಏನೂ ಆಗದೇ ಇರಬಹುದು, ಬೋರ್ಡಿನ ಚಿಪ್‌ಸೆಟ್ ಹೋಗುತ್ತದೆ.

ಹೀಗಾಗಬಾರದು ಅಂತಲೇ ಸ್ಲಾಟಿನೊಳಗೆ ಒಂದು ಪುಟ್ಟ ಅಡ್ಡಗಟ್ಟೆ, ಕಾರ್ಡಿನಲ್ಲಿ ಅದಕ್ಕೆ ಸರಿಯಾಗಿ ಕಚ್ಚು. ಗುರುತಿಸುವುದು ಹೀಗೆ. ಕಾರ್ಡನ್ನು ಕೈಯಲ್ಲಿ ಹಿಡಿಯಿರಿ. ಮಾನಿಟರ್ ಕೇಬಲ್ ಸಿಕ್ಕಿಸುವ ತಗಡಿನ ಪಟ್ಟಿ ಇದೆಯಲ್ಲ, ಆ ತಗಡಿಗೆ ಹತ್ತಿರ ಕಚ್ಚು ಇದ್ದರೆ ಅದು 3.3 ವೋಲ್ಟ್ ಕಚ್ಚು. ತಗಡಿನಿಂದ ದೂರದಲ್ಲಿದ್ದರೆ 1.5 ವೋಲ್ಟ್ ಕಚ್ಚು. ಎರಡೂ ಇದ್ದರೆ ಕಾರ್ಡ್ ಎರಡರಲ್ಲೂ ನಡೆಯುತ್ತದೆ ಅಂತ ಅರ್ಥ. ಅಂತ ಅರ್ಥ ಆಗಬೇಕು, ಅಷ್ಟೇ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ ಆ ಕಾಲದಲ್ಲಿ ಕೆಲವು ಅಗ್ಗದ ಕಾರ್ಡುಗಳು 3.3 ವೋಲ್ಟ್ ಮಾತ್ರ ಬಲ್ಲವಾದರೂ ಎರಡು ಕಚ್ಚು ಹೊತ್ತು ಬಂದಿದ್ದವು. ಅಂಥದ್ದೊಂದನ್ನು ನಾನೇ ಭಾವನ ಕಂಪ್ಯೂಟರಿಗೆ ಹಾಕಿದ್ದೆ. ಚೆಂದವಾಗಿ ಕೂತಿತು. ಸ್ವಿಚ್ ಒತ್ತಿದೆ. ಅಡುಗೆಮನೆಯಿಂದ ಅಕ್ಕ "ಏನೋ ಸುಟ್ಟ ವಾಸನೆ" ಅಂದಳು. ಒಲೆಯ ಮೇಲೆ ಏನೂ ಇರಲಿಲ್ಲ.

ನಿಮ್ಮ 865 ಬೋರ್ಡಿನದು 1.5 ವೋಲ್ಟ್ ಸ್ಲಾಟ್, 4ಎಕ್ಸ್ ಮತ್ತು 8ಎಕ್ಸ್ ಎರಡೂ ನಡೆಯುತ್ತದೆ. ಒಂದೇ ಕಚ್ಚಿನ ಕಾರ್ಡಿನಲ್ಲಿ ಆ ಕಚ್ಚು ತಗಡಿನಿಂದ ದೂರ ಇದ್ದರೆ ಯೋಚನೆಯೇ ಬೇಡ, ಅದನ್ನೇ ಹಾಕಿ. ಹತ್ತಿರ ಇದ್ದರೆ ವಾಪಸ್ ಕೊಡಿ. ಅದು ಹೇಗೂ ಕೂರುವುದಿಲ್ಲ, ಒತ್ತಿ ಕೂರಿಸಲು ಹೋಗಬೇಡಿ. ಎರಡು ಕಚ್ಚಿನದಾದರೆ ಫ್ಯಾನಿನ ಕೆಳಗೋ ಹಿಂಬದಿಯ ಸ್ಟಿಕ್ಕರಿನ ಮೇಲೋ ಚಿಪ್ಪಿನ ಹೆಸರು ಹುಡುಕಿ. ಜಿಫೋರ್ಸ್ ಎಫ್‌ಎಕ್ಸ್ 5200, ಜಿಫೋರ್ಸ್ 6200, ರೇಡಿಯಾನ್ 9250, ಇಂಥದ್ದು ಸಿಕ್ಕರೆ ಧೈರ್ಯವಾಗಿ ಹಾಕಿ. ಸಿಸ್ 6326, ವೂಡೂ 3 ಅಂತ ಸಿಕ್ಕರೆ ಅದು 3.3 ವೋಲ್ಟ್ ಕಾಲದ್ದು, ಕಚ್ಚು ಎಷ್ಟೇ ಇರಲಿ ದೂರ ಇಡಿ. ಹೆಸರೇ ಕಾಣದಿದ್ದರೆ ಆ ಕಾರ್ಡ್ ಬೇಡ. ಲೆಕ್ಕದ ಸಾಫ್ಟ್‌ವೇರಿಗೆ ಯಾವ ಕಾರ್ಡಾದರೂ ಸಾಕು, ಬೋರ್ಡ್ ಹೋದರೆ ಮಾತ್ರ ಮತ್ತೊಂದು ಸಿಗುವುದು ಕಷ್ಟ.

ಇನ್ನೆರಡು ಮಾತು. ಕಾರ್ಡಿನ ಬಾಲದ ಕಡೆ ಹಾರ್ಡ್ ಡಿಸ್ಕಿಗೆ ಹಾಕುವಂಥ ನಾಲ್ಕು ಪಿನ್ನಿನ ಬಿಳಿ ಸಾಕೆಟ್ ಇದ್ದರೆ ಅದಕ್ಕೆ ವೈರ್ ಕೊಡಲೇಬೇಕು. ಕೊಡದೆ "ಕಾರ್ಡ್ ಸತ್ತಿದೆ" ಅಂತ ಎಸೆದವರನ್ನು ನೋಡಿದ್ದೇನೆ. ಮತ್ತೆ, ನಿಮ್ಮದು ಶಿರಸಿ. ಅಲ್ಲಿನ ಮಳೆಗಾಲಕ್ಕೆ ಕಾರ್ಡಿನ ಅಂಚಿನಲ್ಲಿ ಸ್ಲಾಟಿನೊಳಗೆ ಹೋಗುವ ಚಿನ್ನದ ಬಣ್ಣದ ಹಲ್ಲುಗಳೂ ಮಂಕಾಗುತ್ತವೆ. ಹಾಗಾಗಿ ಹಳೇ ಕಾರ್ಡ್ ಸತ್ತಿದೆ ಅಂತ ತೀರ್ಮಾನ ಮಾಡುವ ಮುಂಚೆ, ಅದನ್ನು ತೆಗೆದು ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸಿ ಒಂದು ಸಲ ನೋಡಿ. ರ‍್ಯಾಮ್‌ಗೂ ಅದೇ ಶಾಸ್ತ್ರ. ಖರ್ಚು ಸೊನ್ನೆ.

ಪ್ರಶ್ನೆ: ನನ್ನ ಬೋರ್ಡಿನಲ್ಲಿ ಎಜಿಪಿ ಸ್ಲಾಟೇ ಕಾಣುತ್ತಿಲ್ಲ. ಮೂರು ಬಿಳಿ ಸ್ಲಾಟ್ ಮಾತ್ರ ಇವೆ. ಚಿಪ್‌ಸೆಟ್ 845ಜಿವಿ. ಎಜಿಪಿ ಸ್ಲಾಟನ್ನು ಬೆಸುಗೆ ಹಾಕಿಸಬಹುದೇ? (ತುಮಕೂರು)

ಉತ್ತರ: ಬೇಡ. 845ಜಿ ಬೇರೆ, 845ಜಿವಿ ಬೇರೆ. ಆ ಕೊನೆಯ "ವಿ" ಅಕ್ಷರವೇ ಇಲ್ಲಿ ಕಿತಾಪತಿ. ಅದು ಅಗ್ಗದ ಚಿಪ್‌ಸೆಟ್, ಹೊರಗಿನ ಎಜಿಪಿ ಕಾರ್ಡಿಗೆ ದಾರಿಯನ್ನೇ ಕೊಟ್ಟಿಲ್ಲ. 865ಜಿವಿಯೂ ಹಾಗೇ. ಸ್ಲಾಟನ್ನು ಬೆಸೆದರೂ ಅದು ಗೋಡೆಗೆ ಬಾಗಿಲ ಚಿತ್ರ ಬರೆದ ಹಾಗೆ.

ನಿಮಗಿರುವ ದಾರಿ ಪಿಸಿಐ ಗ್ರಾಫಿಕ್ಸ್ ಕಾರ್ಡ್ ಮಾತ್ರ. ಎಫ್‌ಎಕ್ಸ್ 5200, 6200 ಇವೆಲ್ಲ ಪಿಸಿಐ ರೂಪದಲ್ಲೂ ಬಂದಿದ್ದವು. ಆದರೆ ಸಿಗುವುದು ಅದೇ 133 ಎಂಬಿಯ ಹಳೇ ನಲ್ಲಿ. ಬೋರ್ಡಿನ ಸ್ವಂತ ಡಿಸ್ಪ್ಲೇ ಹೋಗಿದ್ದರೆ ಹಾಕಿಕೊಳ್ಳಿ, ಗೇಮ್ ಆಡಬೇಕು ಅಂತಿದ್ದರೆ ಆ ದುಡ್ಡಿಗೆ ಬೇರೆ ಏನಾದರೂ ತಗೊಳ್ಳಿ.

ಇದನ್ನು ಬರೆಯುವಾಗ ನೆನಪಾಯಿತು. ಕೆಲವು ಬೋರ್ಡುಗಳಲ್ಲಿ ಎಜಿಪಿ ಸ್ಲಾಟ್ ಕಂಡರೂ ಅದು ಎಜಿಪಿ ಅಲ್ಲ. ಇಸಿಎಸ್ ಕಂಪನಿ "ಎಜಿಪಿ ಎಕ್ಸ್‌ಪ್ರೆಸ್" ಅಂತ, ಎಎಸ್‌ರಾಕ್ ಕಂಪನಿ "ಎಜಿಐ" ಅಂತ ಹೆಸರಿಟ್ಟು ಮಾರಿದವು. ನೋಡಲು ಎಜಿಪಿ, ಒಳಗೆ ಪಿಸಿಐ ತಂತಿ. ಹಳೇ ಕಾರ್ಡ್ ಇರುವವರು ಹೊಸ ಬೋರ್ಡ್ ಕೊಳ್ಳಲಿ ಅಂತ ಮಾಡಿದ ಏರ್ಪಾಟು. ಕೆಲವೇ ಕಾರ್ಡುಗಳು ಅದರಲ್ಲಿ ನಡೆಯುತ್ತವೆ, ನಡೆದವೂ ಕುಂಟುತ್ತವೆ. ಹಳೇ ಬೋರ್ಡ್ ಕೊಳ್ಳುವವರು ಸ್ಲಾಟಿನ ಪಕ್ಕದಲ್ಲಿ ಅಚ್ಚಾದ ಅಕ್ಷರವನ್ನು ಒಮ್ಮೆ ಓದಿ.

ಪ್ರಶ್ನೆ: ಜಿ31 ಬೋರ್ಡ್, ಕೋರ್ 2 ಡ್ಯುಯೋ, 4 ಜಿಬಿ ರ‍್ಯಾಮ್. ಗೆಳೆಯನೊಬ್ಬ ತನ್ನ ಜಿಟಿಎಕ್ಸ್ 1050 ಟಿಐ ಕಾರ್ಡ್ ಕೊಡುತ್ತೇನೆ ಅನ್ನುತ್ತಿದ್ದಾನೆ. ಅಂಗಡಿಯವನು "ಅದು ಪಿಸಿಐ ಎಕ್ಸ್‌ಪ್ರೆಸ್ 3, ನಿನ್ನದು 1, ಆಗಲ್ಲ" ಅಂತಾನೆ. ಯೂಟ್ಯೂಬ್ ನೋಡುವಾಗ ತಡವರಿಸುತ್ತದೆ, ಅದು ಸರಿಯಾಗಬೇಕು, ಸಾಧ್ಯವಾದರೆ ಒಂದೆರಡು ಗೇಮ್. (ಹಾಸನ)

ಉತ್ತರ: ಅಂಗಡಿಯವರು ಹೇಳಿದ್ದು ತಪ್ಪು. ಆದರೆ ಅವರು ಹೇಳದೇ ಬಿಟ್ಟಿದ್ದೇ ಜಾಸ್ತಿ ಇದೆ.

2004ರಲ್ಲಿ ಇಂಟೆಲ್ 915, 925 ಚಿಪ್‌ಸೆಟ್ ಜೊತೆ ಎಜಿಪಿಯ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್ ನಮ್ಮ ಮನೆಗಳಿಗೆ ಬಂತು. ಅವತ್ತಿನಿಂದ ಇವತ್ತಿನವರೆಗೂ ಆ ಉದ್ದ ಸ್ಲಾಟಿನ ಆಕಾರ ಬದಲಾಗಿಲ್ಲ. ಒಂದನೇ ಪೀಳಿಗೆಯ ಸ್ಲಾಟಿಗೆ ಮೂರನೆಯದರ ಕಾರ್ಡ್ ಹಾಕಿದರೆ ಇಬ್ಬರೂ ಮಾತಾಡಿಕೊಂಡು, ಇಬ್ಬರಿಗೂ ಗೊತ್ತಿರುವ ಹಳೇ ವೇಗಕ್ಕೆ ಒಪ್ಪಿಕೊಳ್ಳುತ್ತಾರೆ. ಒಂದು ಲೇನಿಗೆ, ಅಂದರೆ ಮಾಹಿತಿ ಓಡುವ ಒಂದು ಪಥಕ್ಕೆ, ಮೊದಲ ಪೀಳಿಗೆಯಲ್ಲಿ ಸೆಕೆಂಡಿಗೆ 250 ಎಂಬಿ, ಎರಡನೆಯದರಲ್ಲಿ 500, ಮೂರನೆಯದರಲ್ಲಿ ಸುಮಾರು 985. ನಿಮ್ಮ ಜಿ31ರಲ್ಲಿ ಹದಿನಾರು ಲೇನ್ ಇವೆ, ಅಂದರೆ ಸೆಕೆಂಡಿಗೆ 4 ಜಿಬಿ. 1050 ಟಿಐಗೆ ಅದು ಧಾರಾಳವಾಗಿ ಸಾಕು. ಎಜಿಪಿ ಕಾಲದಲ್ಲಿ ಸ್ಲಾಟ್ ಒಂದು ನೋಡಿದರೆ ಮುಗಿಯುತ್ತಿತ್ತು. ಇಲ್ಲಿ ಉಲ್ಟಾ, ಸ್ಲಾಟೊಂದನ್ನು ಬಿಟ್ಟು ಮಿಕ್ಕ ಎಲ್ಲವೂ ಕೈಕೊಡುತ್ತವೆ.

ಮೊದಲನೆಯದು ಕರೆಂಟು. ಸ್ಲಾಟಿನಿಂದ ಕಾರ್ಡ್ ಹೆಚ್ಚೆಂದರೆ 75 ವಾಟ್ ಎಳೆಯಬಹುದು. 1050 ಟಿಐ ಸರಿಯಾಗಿ 75 ವಾಟಿನ ಕಾರ್ಡ್, ಬಹುಪಾಲು ಮಾದರಿಗಳಿಗೆ ಬೇರೆ ವೈರ್ ಬೇಡ. ಕಾಗದದ ಮೇಲೆ ಎಲ್ಲ ಸರಿ. ಆದರೆ ನಿಮ್ಮ ಎಸ್‌ಎಂಪಿಎಸ್, ಅಂದರೆ ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ, ಯಾವುದು? ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದಾದರೆ ಮೇಲೆ 450 ವಾಟ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ, ಅದನ್ನು ನಂಬಬೇಡಿ. ಕೆಳಗೆ ಸಣ್ಣಕ್ಷರದಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪ್ ಅಂತ ಇರುತ್ತದಲ್ಲ, ಅದನ್ನು 12ರಿಂದ ಗುಣಿಸಿ. 14 ಆಂಪ್ ಇದ್ದರೆ ನಿಮ್ಮ ಕೈಗೆ ನಿಜವಾಗಿ ಸಿಗುವುದು 168 ವಾಟ್. ಅದರಲ್ಲೇ ಪ್ರೊಸೆಸರ್, ಅದರಲ್ಲೇ ಡಿಸ್ಕ್, ಅದರಲ್ಲೇ ಕಾರ್ಡ್. ಇಷ್ಟು ವರ್ಷ ಧೂಳು ತಿಂದ ಎಸ್‌ಎಂಪಿಎಸ್ ಅದನ್ನೂ ಕೊಡುತ್ತದೆ ಅನ್ನಲು ಬರುವುದಿಲ್ಲ. ಬೋರ್ಡ್ ಮೇಲಿನ ಡಬ್ಬಿಯಂಥ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಕಾರ್ಡಿನ ಮಾತು ಅಲ್ಲಿಗೇ ಬಿಟ್ಟುಬಿಡಿ.

ಎರಡನೆಯದು ಬಯಾಸ್, ಸ್ವಿಚ್ ಒತ್ತಿದ ಕೂಡಲೇ ಕಂಪ್ಯೂಟರನ್ನು ಎಬ್ಬಿಸುವ ಬೋರ್ಡಿನೊಳಗಿನ ತಂತ್ರಾಂಶ. ಕಾರ್ಡಿನೊಳಗೂ ಒಂದು ಪುಟ್ಟ ಬಯಾಸ್ ಇರುತ್ತದೆ. ನಿಮ್ಮ ಬೋರ್ಡಿನದು ಯುಇಎಫ್‌ಐ ಅನ್ನುವ ಹೊಸ ಶೈಲಿಯ ಬಯಾಸ್ ಬರುವ ಮುಂಚಿನ ಹಳೇ ಶೈಲಿಯದು. 1050 ಟಿಐ ತಲೆಮಾರಿನ ಕಾರ್ಡುಗಳು ಎರಡೂ ಭಾಷೆ ಬಲ್ಲವು, ಸಾಮಾನ್ಯವಾಗಿ ಎದ್ದು ಕೂರುತ್ತವೆ. ಆದರೂ ಕೆಲವು ಹಳೇ ಬೋರ್ಡ್ ಹಠ ಮಾಡುತ್ತವೆ. ಬೋರ್ಡಿನ ಬಯಾಸನ್ನು ಕಂಪನಿ ಕೊನೆಗೆ ಕೊಟ್ಟ ಆವೃತ್ತಿಗೆ ಏರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಏರಿಸುವಾಗ ಕರೆಂಟ್ ಹೋದರೆ ಬೋರ್ಡ್ ಗೋವಿಂದ, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬೇಡಿ.

ಮೂರನೆಯದು, ನಿಮ್ಮ ನಿಜವಾದ ಪ್ರಶ್ನೆ. ಯೂಟ್ಯೂಬ್ ತಡವರಿಸುವುದು ಯಾಕೆ ಅಂದರೆ ಅಲ್ಲಿಂದ ಈಗ ವಿಡಿಯೋ ಹೆಚ್ಚಾಗಿ ವಿಪಿ9 ಅಥವಾ ಎವಿ1 ಅನ್ನುವ ಕುಗ್ಗಿಸಿದ ರೂಪದಲ್ಲಿ ಬರುತ್ತದೆ, ಕೋರ್ 2 ಡ್ಯುಯೋ ಅದನ್ನು ಬಿಡಿಸುವಷ್ಟರಲ್ಲಿ ಸುಸ್ತಾಗುತ್ತದೆ. 1050 ಟಿಐ ವಿಪಿ9 ಅನ್ನು ತಾನೇ ಬಿಡಿಸುತ್ತದೆ. ಜಿಟಿ 1030ಕ್ಕೂ ಅದು ಬರುತ್ತದೆ, ಅದು 30 ವಾಟಿನ ಕಾರ್ಡ್, ಎಸ್‌ಎಂಪಿಎಸ್‌ಗೆ ನೋವಿಲ್ಲ. ಜಿಟಿ 710ಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ "ಯೂಟ್ಯೂಬ್‌ಗೆ ಸಾಕು" ಅಂತ 710 ಕೊಡುತ್ತಾರೆ, ಹಾಗಾಗಿ ಹೇಳಿದೆ.

ಗೇಮ್ ವಿಷಯಕ್ಕೆ ಬಂದರೆ, ಈಗಿನ ಎಷ್ಟೋ ಗೇಮುಗಳು ಕೇಳುವ ಪ್ರೊಸೆಸರ್ ಸೂಚನೆಗಳೇ ಕೋರ್ 2ರಲ್ಲಿ ಇಲ್ಲ, ಕಾರ್ಡ್ ಎಷ್ಟೇ ದೊಡ್ಡದಿದ್ದರೂ ಅವು ಶುರುವೇ ಆಗುವುದಿಲ್ಲ. ಜಿ31ಕ್ಕೆ 4 ಜಿಬಿಗಿಂತ ಜಾಸ್ತಿ ರ‍್ಯಾಮ್ ಹಾಕಲೂ ಬರುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಗೆಳೆಯ ಸುಮ್ನೆ ಕೊಟ್ಟರೆ ಹಾಕಿಕೊಳ್ಳಿ. ದುಡ್ಡು ಕೇಳಿದರೆ ಆ ದುಡ್ಡನ್ನು ಮುಂದಿನ ಕಂಪ್ಯೂಟರಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಎಚ್61 ಬೋರ್ಡ್, ಐ5 2400. ಹೊಸ ರೇಡಿಯಾನ್ ಆರ್‌ಎಕ್ಸ್ 6400 ತಗೊಳ್ಳಲೋ, ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ತಗೊಳ್ಳಲೋ? ಹೊಸದೇ ಒಳ್ಳೇದು ಅಲ್ವಾ? (ಹುಬ್ಬಳ್ಳಿ)

ಉತ್ತರ: ನಿಮ್ಮ ಬೋರ್ಡಿಗೆ ಅಲ್ಲ. ಆಕಾರ ಒಂದೇ ಇದ್ದರೂ ಸ್ಲಾಟ್ ಲೆಕ್ಕಕ್ಕೆ ಬರುವ ಅಪರೂಪದ ಜಾಗ ಇದು.

ಆರ್‌ಎಕ್ಸ್ 6400 ನೋಡಲು ಉದ್ದ ಹಲ್ಲಿನ ಕಾರ್ಡ್. ಆದರೆ ಅದರಲ್ಲಿ ನಿಜವಾಗಿ ತಂತಿ ಇರುವುದು ನಾಲ್ಕೇ ಲೇನಿಗೆ. ನಾಲ್ಕನೇ ಪೀಳಿಗೆಯ ಬೋರ್ಡಿನಲ್ಲಿ ನಾಲ್ಕು ಲೇನ್ ಅಂದರೂ ಹೆಚ್ಚುಕಡಿಮೆ 8 ಜಿಬಿ, ಅದಕ್ಕೆ ಸಾಕು. ನಿಮ್ಮ ಐ5 2400 ಕೊಡುವುದು ಎರಡನೇ ಪೀಳಿಗೆ. ಅದರಲ್ಲಿ ನಾಲ್ಕು ಲೇನ್ ಅಂದರೆ 2 ಜಿಬಿ. ನಿಮ್ಮ ಬೋರ್ಡಿನಲ್ಲಿ ಉಳಿದ ಹನ್ನೆರಡು ಲೇನ್ ಖಾಲಿ ಕೂತಿರುತ್ತವೆ, ಬಳಸಲು ಕಾರ್ಡಿಗೆ ಬರುವುದಿಲ್ಲ. ನಾಲ್ಕು ಪಥದ ಹೆದ್ದಾರಿಗೆ ಸೈಕಲ್ ತಂದ ಹಾಗೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಅದು ರ‍್ಯಾಮ್ ಕಡೆ ಓಡಬೇಕು, ಆಗ ಗೇಮ್ ನಿಂತು ನಿಂತು ಹೋಗುತ್ತದೆ. ಅಣ್ಣ ಆರ್‌ಎಕ್ಸ್ 6500 ಎಕ್ಸ್‌ಟಿಯದೂ ಇದೇ ಕತೆ. ಇನ್ನೊಂದು ವಿಷಯ, ಇವೆರಡರಲ್ಲೂ ವಿಡಿಯೋ ರೆಕಾರ್ಡ್ ಮಾಡಲು ಬೇಕಾದ ಎನ್‌ಕೋಡರ್ ಇಲ್ಲ. ಗೇಮ್ ಆಡಿ ಯೂಟ್ಯೂಬಿಗೆ ಹಾಕುವ ಆಸೆ ಇದ್ದರೆ ಇದು ಮುಖ್ಯ.

ಜಿಟಿಎಕ್ಸ್ 1650 ಹದಿನಾರೂ ಲೇನ್ ಬಳಸುತ್ತದೆ. ಎರಡನೇ ಪೀಳಿಗೆಯ ಹದಿನಾರು ಲೇನ್ 8 ಜಿಬಿ, ಸುಖವಾಗಿ ಓಡುತ್ತದೆ. ಸೆಕೆಂಡ್ ಹ್ಯಾಂಡ್ ಆದ್ದರಿಂದ ಅರ್ಧ ಗಂಟೆ ಗೇಮ್ ಓಡಿಸಿ ನೋಡಿ ತಗೊಳ್ಳಿ. ಕೆಲವು ಮಾದರಿಗಳಿಗೆ ಆರು ಪಿನ್ನಿನ ವೈರ್ ಬೇಕು, ಅದನ್ನೂ ನೋಡಿಕೊಳ್ಳಿ.

ಇಲ್ಲಿ ಒಂದು ಸಣ್ಣ ಉಪಾಯವೂ ಇದೆ. ಅದೇ ಸಾಕೆಟ್ಟಿಗೆ ಮೂರನೇ ತಲೆಮಾರಿನ ಪ್ರೊಸೆಸರ್, ಐ5 3470 ಥರದ್ದು, ಹೋಗುತ್ತದೆ. ಅದು ಬಂದರೆ ಹಲವು ಎಚ್61 ಬೋರ್ಡುಗಳಲ್ಲಿ ಅದೇ ಸ್ಲಾಟ್ ಮೂರನೇ ಪೀಳಿಗೆಯ ವೇಗಕ್ಕೆ ಏರುತ್ತದೆ, ಯಾಕೆಂದರೆ ಆ ಹದಿನಾರು ಲೇನ್ ಬರುವುದೇ ಪ್ರೊಸೆಸರಿನಿಂದ, ಬೋರ್ಡಿನ ಚಿಪ್ಪಿನಿಂದಲ್ಲ. ಮೊದಲು ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಏರಿಸಿ, ಆಮೇಲೆ ಹೊಸದನ್ನು ಹಾಕಿ. ಕ್ರಮ ತಪ್ಪಿದರೆ ಬೋರ್ಡಿಗೆ ಹೊಸಬರ ಗುರುತೇ ಸಿಗುವುದಿಲ್ಲ.

ಪ್ರಶ್ನೆ: ಎಸ್.ಪಿ. ರೋಡಿನಲ್ಲಿ ಆಫೀಸಿಂದ ಬಂದ ಹಳೇ ಸಣ್ಣ ಡೆಲ್ ಆಪ್ಟಿಪ್ಲೆಕ್ಸ್ 7010 ತಗೊಂಡೆ. ಒಳಗೆ ಉದ್ದ ಸ್ಲಾಟ್ ಇದೆ. ಆದರೆ ಯಾವ ಕಾರ್ಡ್ ತಂದರೂ ಮುಚ್ಚಳ ಹಾಕಲು ಆಗುತ್ತಿಲ್ಲ. (ಬೆಂಗಳೂರು)

ಉತ್ತರ: ನಿಮ್ಮ ಡಬ್ಬಿಗೆ ಬೇಕಾದ್ದು ಲೋ ಪ್ರೊಫೈಲ್ ಕಾರ್ಡ್, ಅಂದರೆ ಅರ್ಧ ಎತ್ತರದ್ದು. ಸಾಮಾನ್ಯ ಕಾರ್ಡಿನ ತಗಡನ್ನು ಬಿಚ್ಚಿ ಹಾಕೋಣ ಅಂತ ಯೋಚಿಸುತ್ತಿದ್ದರೆ ಬಿಟ್ಟುಬಿಡಿ, ಕಾರ್ಡಿನ ಹಲಗೆಯೇ ಎತ್ತರ. ಅಳತೆ ಮೂರು ಕಡೆ ಮಾಡಿ: ಎತ್ತರ, ಉದ್ದ, ದಪ್ಪ. ದಪ್ಪವನ್ನು ಎಲ್ಲರೂ ಮರೆಯುತ್ತಾರೆ. ಎರಡು ಸ್ಲಾಟ್ ಜಾಗ ತಿನ್ನುವ ಕಾರ್ಡ್ ಆದರೆ ಪಕ್ಕದಲ್ಲಿ ಎಸ್‌ಎಂಪಿಎಸ್ ಗೋಡೆ ಅಡ್ಡ ಬರಬಹುದು, ಅಥವಾ ಫ್ಯಾನಿಗೆ ಉಸಿರಾಡಲು ಜಾಗವೇ ಇರುವುದಿಲ್ಲ.

ಕರೆಂಟಿನ ಲೆಕ್ಕವೂ ಇಲ್ಲಿ ಬಿಗಿ. ಆ ಸಣ್ಣ 7010ರ ಎಸ್‌ಎಂಪಿಎಸ್ 240 ವಾಟಿನದು, ಆಕಾರವೂ ಅದರದೇ, ಅಂಗಡಿಯಿಂದ ಬೇರೆ ತಂದು ಹಾಕಲು ಬರುವುದಿಲ್ಲ. ಕಾರ್ಡಿಗೆ ಅಂತ ಬೇರೆ ವೈರೂ ಇಲ್ಲ. ಹಾಗಾಗಿ 30, 40 ವಾಟಿನ ಕಾರ್ಡ್ ನೋಡಿ. ಅರ್ಧ ಎತ್ತರದ ಜಿಟಿ 1030 ಒಂದು. ನನಗೆ ಕೇಳಿದರೆ ಕ್ವಾಡ್ರೋ ಪಿ620: ಒಂದೇ ಸ್ಲಾಟ್ ದಪ್ಪ, ಅರ್ಧ ಎತ್ತರ, 40 ವಾಟ್. ಇದೂ ಆಫೀಸುಗಳಿಂದಲೇ ಬರುವ ಮಾಲು, ನೀವು ಡಬ್ಬಿ ತಗೊಂಡ ಬೀದಿಯಲ್ಲೇ ಕೇಳಿ ನೋಡಿ. ಅದರ ಹಿಂದೆ ನಾಲ್ಕು ಮಿನಿ ಡಿಸ್ಪ್ಲೇಪೋರ್ಟ್ ಇವೆ, ಎಚ್‌ಡಿಎಂಐ ಇಲ್ಲ. ಕನ್ವರ್ಟರ್ ಕೂಡ ಅಲ್ಲೇ ಕೇಳಿ ತಗೊಳ್ಳಿ. ಅರ್ಧ ಎತ್ತರದ ತಗಡು ಜೊತೆಗಿದೆಯಾ ಅಂತ ನೋಡಿಯೇ ದುಡ್ಡು ಕೊಡಿ. ಕಾರ್ಡ್ ಸಿಕ್ಕಿ ತಗಡು ಸಿಗದೆ ನಾನು ಇಡೀ ಮಧ್ಯಾಹ್ನ ಆ ಬೀದಿ ಸುತ್ತಿದ್ದೇನೆ.

ಪ್ರಶ್ನೆ: ಬೋರ್ಡಿನಲ್ಲಿ ಎರಡು ಉದ್ದ ಸ್ಲಾಟ್ ಇವೆ. ಗಾಳಿ ಚೆನ್ನಾಗಿ ಆಡಲಿ ಅಂತ ಕಾರ್ಡನ್ನು ಕೆಳಗಿನದಕ್ಕೆ ಹಾಕಿದೆ. ಗೇಮ್ ನಿಧಾನ ಆಯ್ತು. (ಕಲಬುರಗಿ)

ಉತ್ತರ: ಮೇಲಿನದಕ್ಕೇ ಹಾಕಿ. ಎಷ್ಟೋ ಬೋರ್ಡುಗಳಲ್ಲಿ ಕೆಳಗಿನದು ನೋಡಲು ಉದ್ದ, ಒಳಗೆ ನಾಲ್ಕೇ ಲೇನ್, ಅದೂ ಚಿಪ್‌ಸೆಟ್ ಮೂಲಕ ಸುತ್ತಿ ಬರುತ್ತದೆ. ಟಾರ್ಚ್ ಬಿಟ್ಟು ಖಾಲಿ ಸ್ಲಾಟಿನೊಳಗೆ ನೋಡಿ, ತುದಿಯವರೆಗೂ ಲೋಹದ ಕಡ್ಡಿ ಕಾಣದಿದ್ದರೆ ಅಲ್ಲಿ ತಂತಿ ಇಲ್ಲ. ಜಿಪಿಯು-ಝಡ್ ಅನ್ನುವ ಪುಟ್ಟ ತಂತ್ರಾಂಶ ಹಾಕಿಕೊಂಡರೆ ಕಾರ್ಡ್ ಈಗ ಎಷ್ಟು ಲೇನಿನಲ್ಲಿ, ಯಾವ ಪೀಳಿಗೆಯ ವೇಗದಲ್ಲಿ ಓಡುತ್ತಿದೆ ಅಂತ ಅದೇ ಹೇಳುತ್ತದೆ. ಸುಮ್ಮನಿರುವಾಗ ಕಡಿಮೆ ವೇಗ ತೋರಿಸುತ್ತದೆ, ಗಾಬರಿ ಬೇಡ, ಗೇಮ್ ಓಡುವಾಗ ನೋಡಿ. ಕಲಬುರಗಿಯ ಬಿಸಿಲಿಗೆ ಕ್ಯಾಬಿನೆಟ್ಟಿನ ಹಿಂದೆ ಒಂದು ಫ್ಯಾನ್ ಹಾಕಿಸಿ, ಸ್ಲಾಟ್ ಬದಲಿಸುವುದಕ್ಕಿಂತ ಅದು ಮೇಲು.

ಪ್ರಶ್ನೆ: ಜಿಟಿ 1030 ಹಾಕಿದೆ. ಮಾನಿಟರ್ ಹಳೇ ನೀಲಿ ವಿಜಿಎ ಪ್ಲಗ್ಗಿನದು. ಕಾರ್ಡಿನ ಡಿವಿಐ ಅನ್ನುವ ಮಾನಿಟರ್ ಸಾಕೆಟ್ಟಿಗೆ ಸಣ್ಣ ಬಿಳಿ ಕನೆಕ್ಟರ್ ತಂದರೆ ಅದು ಒಳಗೇ ಹೋಗುತ್ತಿಲ್ಲ. (ಬಳ್ಳಾರಿ)

ಉತ್ತರ: ಹೋಗಬಾರದು. ಡಿವಿಐನಲ್ಲಿ ಎರಡು ಜಾತಿ. ಅಡ್ಡ ಸೀಳಿನ ಸುತ್ತ ನಾಲ್ಕು ತೂತು ಇದ್ದರೆ ಡಿವಿಐ-ಐ, ಅದರಲ್ಲಿ ಹಳೇ ಅನಲಾಗ್ ಸಿಗ್ನಲ್ಲೂ ಬರುತ್ತದೆ, ಆ ಬಿಳಿ ಕನೆಕ್ಟರ್ ನಡೆಯುತ್ತದೆ. ಬರೀ ಸೀಳು ಇದ್ದರೆ ಡಿವಿಐ-ಡಿ, ಡಿಜಿಟಲ್ ಮಾತ್ರ. ಎನ್ವಿಡಿಯಾದ 10 ಸರಣಿಯಿಂದ ಅನಲಾಗ್ ನಿಂತೇ ಹೋಯಿತು. ಕನೆಕ್ಟರಿನ ನಾಲ್ಕು ಪಿನ್ ಮುರಿದು ತೂರಿಸಿದವರೂ ಇದ್ದಾರೆ, ಆಗ ಕೂರುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಎಚ್‌ಡಿಎಂಐನಿಂದ ವಿಜಿಎಗೆ ಹೋಗುವ, ಒಳಗೆ ಚಿಪ್ ಇರುವ ಕನ್ವರ್ಟರ್ ತಗೊಳ್ಳಿ. ಬರೀ ತಂತಿ ಜೋಡಿಸಿದ ಅಗ್ಗದ ಕೇಬಲ್ ಕೊಟ್ಟರೆ ಬೇಡ ಅನ್ನಿ.

ಪ್ರಶ್ನೆ: ನನ್ನ ಪುಟ್ಟ ಬೋರ್ಡಿನಲ್ಲಿ ಬೆರಳುದ್ದದ ಎಕ್ಸ್1 ಸ್ಲಾಟ್ ಮಾತ್ರ ಇದೆ. ಹಿಂಬದಿಯ ಪ್ಲಾಸ್ಟಿಕ್ ಕೊಯ್ದರೆ ದೊಡ್ಡ ಕಾರ್ಡ್ ಹೋಗುತ್ತದಂತೆ, ನಿಜವಾ? ನಾನು ಡಿಪ್ಲೊಮಾ ವಿದ್ಯಾರ್ಥಿ. (ಮಂಗಳೂರು)

ಉತ್ತರ: ನಿಜ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿಗೆ ಒಂದೇ ಲೇನ್ ಸಿಕ್ಕರೂ ಮಾತಾಡಲು ಬರುತ್ತದೆ. ಕೆಲವು ಬೋರ್ಡುಗಳಲ್ಲಿ ಕಂಪನಿಯೇ ಹಿಂಬದಿ ತೆರೆದ ಸ್ಲಾಟ್ ಕೊಟ್ಟಿರುತ್ತದೆ. ಆದರೆ ಎರಡನೇ ಪೀಳಿಗೆಯ ಒಂದು ಲೇನ್ ಅಂದರೆ ಸೆಕೆಂಡಿಗೆ 500 ಎಂಬಿ, ಹಳೇ ಎಜಿಪಿ 2ಎಕ್ಸ್‌ಗಿಂತಲೂ ಕಡಿಮೆ. ಇನ್ನೊಂದು ಡಿಸ್ಪ್ಲೇ ಬೇಕು ಅಂದರೆ ಸಾಕು, ಗೇಮಿಗೆ ಸಾಲದು. ಕರೆಂಟಿನಲ್ಲೂ ಎಕ್ಸ್1 ಸ್ಲಾಟಿನಿಂದ 75 ವಾಟ್ ಕೇಳುವ ಹಾಗಿಲ್ಲ, ಅದಕ್ಕೆ 20 ವಾಟಿನ ಆಸುಪಾಸಿನ ಜಿಟಿ 710 ಥರದ್ದು ನೋಡಿ.

ಕೊಯ್ಯುವ ವಿಷಯಕ್ಕೆ ಬಂದರೆ, ನಾನು ಒಂದು ಸಲ ಬಿಸಿ ಮಾಡಿದ ಬ್ಲೇಡಿನಿಂದ ಕೊಯ್ದೆ. ಪ್ಲಾಸ್ಟಿಕ್ಕಿನ ಜೊತೆ ಕೊನೆಯ ಎರಡು ಕಡ್ಡಿಯೂ ಬಾಗಿದವು, ಬೋರ್ಡ್ ಅವತ್ತೇ ಕಣ್ಣು ಮುಚ್ಚಿತು. ಎಕ್ಸ್1ನಿಂದ ಎಕ್ಸ್16ಕ್ಕೆ ಹೋಗುವ ರೈಸರ್ ಕೇಬಲ್ ಸಿಗುತ್ತದೆ, ಬಿಟ್‌ಕಾಯಿನ್ ಥರದ ಡಿಜಿಟಲ್ ನಾಣ್ಯವನ್ನು ಕಂಪ್ಯೂಟರಿನಲ್ಲಿ ಅಗೆಯುವವರು ಬಳಸಿ ಬಿಟ್ಟದ್ದು ರಾಶಿ ಇವೆ. ಅದರಲ್ಲಿ ಕಾರ್ಡಿಗೆ ಬೇಕಾದ ಕರೆಂಟ್ ಬೇರೆ ವೈರಿನಿಂದ ಬರುತ್ತದೆ, ಸ್ಲಾಟಿಗೆ ಭಾರವಿಲ್ಲ. ಆ ವೈರನ್ನು ಚಪ್ಪಟೆ ಸಾಟಾ ಪ್ಲಗ್ಗಿನಿಂದ ಕೊಡಬೇಡಿ, ಅದು ಬಿಸಿಯಾಗಿ ಕರಗುತ್ತದೆ. ಅದಕ್ಕಿಂತ ದಪ್ಪ ನಾಲ್ಕು ಪಿನ್ನಿನದು ವಾಸಿ. ಕಾರ್ಡ್ ಕ್ಯಾಬಿನೆಟ್ಟಿನ ಹೊರಗೆ ತೂಗಾಡುತ್ತದೆ, ಹಾಸ್ಟೆಲ್ಲಿನಲ್ಲಿದ್ದರೆ ಅದರ ಮೇಲೆ ಯಾರೂ ಚಹಾ ಲೋಟ ಇಡದ ಹಾಗೆ ನೋಡಿಕೊಳ್ಳಿ.